ಲೋಡ್ ಬ್ಯಾಲೆನ್ಸರ್ ಹಾಕಿದ ಮೇಲೆ ಭಾಗವತರು ಒಂದೇ ಪದ ಎರಡು ಸಲ ಹಾಡ್ತಿದ್ದಾರೆ!

ಪ್ರಶ್ನೆ (ಹೊಸನಗರದ ಹತ್ತಿರದ ಹಳ್ಳಿಯಿಂದ):
ಎಲ್ಲರಿಗೂ ನಮಸ್ಕಾರ. ವಿಡಿಯೋ ಸ್ಟ್ರೀಮಿಂಗ್ ಕೆಲಸ ಮಾಡುವವರು ಯಾರಾದರೂ ಇದ್ದರೆ ಸ್ವಲ್ಪ ನೋಡಿ ಹೇಳಿ.

ನಮ್ಮ ಮನೆಯಲ್ಲಿ ಪ್ರತಿ ವರ್ಷ ಹರಕೆ ಆಟ (ಯಕ್ಷಗಾನ) ಆಡಿಸ್ತೀವಿ. ಬೆಂಗಳೂರು, ಮುಂಬೈ, ಹೊರದೇಶ ಅಂತ ಚದುರಿ ಹೋಗಿರುವ ನೆಂಟರಿಗೆ ಲೈವ್ ತೋರಿಸ್ತೀವಿ. ಒಟ್ಟು 300 ಜನ ನೋಡಬಹುದು. ಹೋದ ವರ್ಷ ಒಂದೇ ಸರ್ವರ್ ಇತ್ತು. ಮೊದಲು ಚೆನ್ನಾಗೇ ಇತ್ತು, ಒಡ್ಡೋಲಗದ (ಪಾತ್ರಗಳು ರಂಗಕ್ಕೆ ಬರುವ ಕುಣಿತ) ಹೊತ್ತಿಗೆ ಜನ ಜಾಸ್ತಿಯಾಗಿ ಎಲ್ಲರಿಗೂ ಚಕ್ರ ತಿರುಗೋಕೆ ಶುರುವಾಯ್ತು. ಅದಕ್ಕೇ ಈ ಸಲ ಎರಡು ಸರ್ವರ್ ಬಾಡಿಗೆಗೆ ತಗೊಂಡೆ. ಲ್ಯಾಪ್‌ಟಾಪ್‌ನಲ್ಲಿರುವ ಓಬಿಎಸ್‌ನಿಂದ (ಲೈವ್ ಕಳಿಸುವ ಸಾಫ್ಟ್‌ವೇರ್) ಎರಡಕ್ಕೂ ಆರ್‌ಟಿಎಂಪಿಯಲ್ಲಿ (ಸರ್ವರ್‌ಗೆ ಲೈವ್ ವಿಡಿಯೋ ಕಳಿಸುವ ವಿಧಾನ) ವಿಡಿಯೋ ಹೋಗುತ್ತದೆ. ಎರಡೂ ಕಡೆ ಎಂಜಿನ್‌ಎಕ್ಸ್ (ವೆಬ್ ಸರ್ವರ್ ಸಾಫ್ಟ್‌ವೇರ್), ಅದರ ಆರ್‌ಟಿಎಂಪಿ ಮಾಡ್ಯೂಲ್ ಎಚ್‌ಎಲ್‌ಎಸ್ (ವಿಡಿಯೋವನ್ನು ತುಣುಕು ತುಣುಕಾಗಿ ಕೊಡುವ ವಿಧಾನ) ಮಾಡುತ್ತದೆ. ಇವೆರಡರ ಮುಂದೆ ಇನ್ನೊಂದು ಎಂಜಿನ್‌ಎಕ್ಸ್, ಬರುವ ಕೋರಿಕೆಗಳನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಅಂತ, ರೌಂಡ್ ರಾಬಿನ್ (ಸರದಿಯಂತೆ ಒಂದೊಂದಕ್ಕೆ).

ನಿನ್ನೆ ಟೆಸ್ಟ್ ಮಾಡಿದೆ. ಹಳೆಯ ಆಟದ ರೆಕಾರ್ಡಿಂಗ್ ಹಾಕಿ ಬಿಟ್ಟೆ. ಭಾಗವತರು ಪದ ಹಾಡ್ತಾ ಇರ್ತಾರೆ, ಇದ್ದಕ್ಕಿದ್ದ ಹಾಗೆ ಅರ್ಧ ನಿಮಿಷ ಹಿಂದೆ ಹೋಗಿ ಅದೇ ಪದ ಮತ್ತೆ ಶುರು. ಒಮ್ಮೊಮ್ಮೆ 404 (ಫೈಲ್ ಇಲ್ಲ ಅನ್ನುವ ಉತ್ತರ) ಬರುತ್ತದೆ. ರಿಫ್ರೆಶ್ ಮಾಡಿದರೆ ಸರಿ, ಎರಡು ನಿಮಿಷಕ್ಕೆ ಮತ್ತೆ ಅದೇ ಕಥೆ. ಅಣ್ಣನ ಐಫೋನಲ್ಲಂತೂ ಪೂರ್ತಿ ನಿಂತೇ ಹೋಯ್ತು. ಬ್ಯಾಲೆನ್ಸರ್ ಬಿಟ್ಟು ನೇರವಾಗಿ ಯಾವುದೇ ಒಂದು ಸರ್ವರ್‌ಗೆ ಹೋದರೆ ಏನೂ ತೊಂದರೆ ಇಲ್ಲ! ಎಂತ ಮಾಡೋದು?

ಉತ್ತರ (ಸಾಗರ, ಸ್ಟ್ರೀಮಿಂಗ್ ಕಂಪನಿಯೊಂದರಲ್ಲಿ ಕೆಲಸ, ಸದ್ಯ ಮನೆಯಿಂದಲೇ):
ನೇರವಾಗಿ ಹೋದರೆ ಸರಿ, ಬ್ಯಾಲೆನ್ಸರ್ ಮೂಲಕ ತಪ್ಪು ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಆದರೂ ಊಹೆ ಮೇಲೆ ಹೇಳೋದು ಬೇಡ. ಒಂದು ಕೆಲಸ ಮಾಡಿ. ಕರ್ಲ್ (ಯಾವುದೇ ವಿಳಾಸದ ಫೈಲ್ ತರುವ ಕಮಾಂಡ್) ಇದೆಯಲ್ಲ, ಅದರಲ್ಲಿ ಬ್ಯಾಲೆನ್ಸರ್ ದಾಟಿ ಎರಡೂ ಸರ್ವರ್‌ನ ಪ್ಲೇಲಿಸ್ಟನ್ನು (ತುಣುಕುಗಳ ಪಟ್ಟಿ) ಅವುಗಳ ಐಪಿ ಹಾಕಿ ಒಂದೇ ಹೊತ್ತಿಗೆ ತಗೊಳ್ಳಿ. ಮೇಲೆ ಮೀಡಿಯಾ ಸೀಕ್ವೆನ್ಸ್ (ಪಟ್ಟಿಯ ಮೊದಲ ತುಣುಕಿನ ನಂಬರ್) ಅಂತ ಒಂದು ಸಾಲು ಇರುತ್ತದೆ. ಎರಡರಲ್ಲೂ ಆ ಸಂಖ್ಯೆ ಎಷ್ಟಿದೆ ಅಂತ ಇಲ್ಲಿ ಹಾಕಿ. ಪ್ರತಿ ತುಣುಕಿನ ಮೇಲೆ ಅದರ ಉದ್ದ ಸೆಕೆಂಡಲ್ಲಿ ಇರುತ್ತದೆ, ಅದನ್ನೂ ಹಾಕಿ.

ಕೇಳಿದವರು:
ಎ ಸರ್ವರ್‌ನಲ್ಲಿ 1040, ಕೊನೆಯ ತುಣುಕು 1045. ಬಿ ಸರ್ವರ್‌ನಲ್ಲಿ 1036, ಕೊನೆಯದು 1041. ಉದ್ದ ಎಲ್ಲದಕ್ಕೂ 8.333 ಅಂತ ಇದೆ. ನಾನು ಕಾನ್ಫಿಗ್‌ನಲ್ಲಿ 5 ಸೆಕೆಂಡ್ ಅಂತ ಕೊಟ್ಟಿದ್ದೆ. ಹಾಂ, ಬಿ ಸರ್ವರನ್ನು ನಡುವೆ ಒಂದು ಸಲ ರೀಸ್ಟಾರ್ಟ್ ಮಾಡಿದ್ದೆ.

ಉತ್ತರ:
ಸಿಕ್ಕಿತು ನೋಡಿ.

ಎಚ್‌ಎಲ್‌ಎಸ್ ಅಂದರೆ ನಿರಂತರವಾಗಿ ಹರಿಯುವ ನೀರಲ್ಲ. ವಿಡಿಯೋವನ್ನು ಚಿಕ್ಕ ಚಿಕ್ಕ ಫೈಲ್ ಮಾಡಿ ಇಡುವುದು, ಸದ್ಯಕ್ಕೆ ಯಾವ ಯಾವ ಫೈಲ್ ಇದೆ ಅಂತ ಒಂದು ಪಟ್ಟಿ ಬರೆಯುವುದು, ಅಷ್ಟೇ. ಪ್ಲೇಯರ್ ಕೆಲವು ಸೆಕೆಂಡಿಗೊಮ್ಮೆ ಆ ಪಟ್ಟಿ ಕೇಳುತ್ತದೆ, ಹೊಸ ಹೆಸರು ಕಂಡರೆ ಆ ಫೈಲ್ ಕೇಳುತ್ತದೆ. ಒಂದೊಂದೂ ಬೇರೆ ಬೇರೆ ಎಚ್‌ಟಿಟಿಪಿ ಕೋರಿಕೆ. ನಿಮ್ಮ ರೌಂಡ್ ರಾಬಿನ್ ಮಹಾಶಯ ಒಂದನ್ನು ಎ ಕಡೆ ಕಳಿಸ್ತಾನೆ, ಮುಂದಿನದನ್ನು ಬಿ ಕಡೆ. ನೋಡುವವರ ಬ್ರೌಸರ್ ಒಂದೇ ಕನೆಕ್ಷನ್ ಹಿಡಿದುಕೊಂಡಿದ್ದರೂ ಅವನಿಗೆ ಲೆಕ್ಕಕ್ಕಿಲ್ಲ, ಪ್ರತಿ ಕೋರಿಕೆಗೂ ಹೊಸದಾಗಿ ಸರದಿ.

ಸುಮ್ನೆ ಯೋಚಿಸಿ. ಪಕ್ಕ ಪಕ್ಕದಲ್ಲಿ ಎರಡು ರಂಗಸ್ಥಳ, ಎರಡರಲ್ಲೂ ಅದೇ ಪ್ರಸಂಗ, ಅದೇ ಪಾತ್ರಧಾರಿಗಳು. ಆದರೆ ಪದಗಳಿಗೆ ಹಾಕಿದ ನಂಬರ್ ಮಾತ್ರ ಬೇರೆ. ಈ ಕಡೆಯವರು 1045ನೇ ಪದ ಅನ್ನುವುದನ್ನೇ ಆ ಕಡೆಯವರು 1041 ಅಂತಾರೆ. ನೀವು ಆ ಕಡೆ ಪಟ್ಟಿ ನೋಡಿಕೊಂಡು ಈ ಕಡೆ ಬಂದು 1041 ಹಾಡಿ ಅಂದರೆ ಭಾಗವತರು ನಾಲ್ಕು ಪದ ಹಿಂದಿನದನ್ನು ಹಾಡ್ತಾರೆ. ನಿಮ್ಮಲ್ಲಿ ಆಗ್ತಿರೋದು ಅದೇ. ನಾಲ್ಕು ತುಣುಕು, ಒಂದೊಂದು 8.3 ಸೆಕೆಂಡ್, ಒಟ್ಟು 33 ಸೆಕೆಂಡ್. ನೀವು ಅರ್ಧ ನಿಮಿಷ ಅಂದಿದ್ದು ಸರಿಯಾಗೇ ಇದೆ! ಅದೇ ಎ ಪಟ್ಟಿ ನೋಡಿ ಬಿ ಹತ್ತಿರ 1045 ಕೇಳಿದರೆ ಅಲ್ಲಿ ಆ ಹೆಸರಿನ ಫೈಲ್ ಇನ್ನೂ ಹುಟ್ಟೇ ಇಲ್ಲ. ಅದೇ ನಿಮ್ಮ 404.

ಇನ್ನು ಐಫೋನ್. ಎಚ್‌ಎಲ್‌ಎಸ್ ಆ್ಯಪಲ್‌ನವರೇ 2009ರಲ್ಲಿ ತಂದದ್ದು. 2017ರಲ್ಲಿ ಬಂದ ಆರ್‌ಎಫ್‌ಸಿ 8216ರಲ್ಲಿ (ಎಚ್‌ಎಲ್‌ಎಸ್ ನಿಯಮಗಳ ದಾಖಲೆ) ಸ್ಪಷ್ಟವಾಗಿ ಬರೆದಿದ್ದಾರೆ, ಸೀಕ್ವೆನ್ಸ್ ಸಂಖ್ಯೆ ಯಾವತ್ತೂ ಕಡಿಮೆ ಆಗಬಾರದು ಅಂತ. ನಿಮ್ಮಲ್ಲಿ 1040 ಆದ ಮೇಲೆ 1036 ಬರ್ತಿದೆ. ಕೆಲವು ಪ್ಲೇಯರ್ ಹೇಗೋ ಸುಧಾರಿಸಿಕೊಂಡು ಹೋಗುತ್ತವೆ, ಕೆಲವು ಕೈ ಚೆಲ್ಲಿ ಕೂರುತ್ತವೆ. ಐಫೋನ್ ತಪ್ಪಲ್ಲ ಅದು.

ರೀಸ್ಟಾರ್ಟ್ ಮಾಡಿದಾಗ ಬಿ ನಿಂತಿತ್ತು, ಎ ಮುಂದೆ ಹೋಯ್ತು. ಎರಡನ್ನೂ ಒಟ್ಟಿಗೆ ಶುರು ಮಾಡ್ತೀನಿ ಅನ್ನಬೇಡಿ. ಒಂದು ಸಲ ನೆಟ್ ತುಂಡಾದರೆ ಮತ್ತೆ ಅಂತರ ಬರುತ್ತದೆ, ನಮ್ಮ ಕಡೆ ನೆಟ್ ತುಂಡಾಗದ ರಾತ್ರಿ ಯಾವುದಿದೆ ಹೇಳಿ?

ಮಧ್ಯೆ ಒಬ್ಬರು (ಶಿವಮೊಗ್ಗ):
ಅಣ್ಣ, ಎಂಜಿನ್‌ಎಕ್ಸ್‌ನಲ್ಲಿ ಐಪಿ ಹ್ಯಾಶ್ (ನೋಡುವವರ ಐಪಿ ವಿಳಾಸ ನೋಡಿ ಸರ್ವರ್ ಆರಿಸುವುದು) ಅಂತ ಒಂದೇ ಸಾಲು ಹಾಕಿದರೆ ಮುಗೀತಲ್ವಾ? ಒಬ್ಬರು ಒಂದೇ ಸರ್ವರ್‌ಗೆ ಅಂಟಿಕೊಂಡಿರ್ತಾರೆ. ಇಷ್ಟೆಲ್ಲ ಯಾಕೆ?

ಉತ್ತರ:
ಟೆಸ್ಟ್‌ನಲ್ಲಿ ಮುಗಿದ ಹಾಗೆ ಕಾಣುತ್ತದೆ, ಹೌದು. ಆಟದ ರಾತ್ರಿ ಕೈ ಕೊಡುತ್ತದೆ. ಮೊಬೈಲ್ ಕಂಪನಿಗಳು ಸಾವಿರಾರು ಗಿರಾಕಿಗಳನ್ನು ಒಂದೇ ಐಪಿ ಹಿಂದೆ ಕೂರಿಸಿರ್ತಾರೆ. ಅದರ ಮೇಲೆ ಐಪಿವಿ4 ಆದರೆ ಎಂಜಿನ್‌ಎಕ್ಸ್ ಈ ಲೆಕ್ಕಕ್ಕೆ ವಿಳಾಸದ ಮೊದಲ ಮೂರು ಭಾಗ ಮಾತ್ರ ನೋಡುತ್ತದೆ. ಹಾಗಾಗಿ ಮುಕ್ಕಾಲು ಪಾಲು ಜನ ಒಂದೇ ಸರ್ವರ್ ಮೇಲೆ ಬೀಳಬಹುದು. ಇನ್ನೊಂದು, ಜನ ಮನೆಯ ವೈಫೈ ಬಿಟ್ಟು ಅಂಗಳಕ್ಕೆ ಬಂದರೆ ಮೊಬೈಲ್ ಡೇಟಾ, ವಿಳಾಸ ಬದಲು, ಆ ಕ್ಷಣಕ್ಕೆ ಮತ್ತೆ 33 ಸೆಕೆಂಡ್ ನೆಗೆತ. ಕುಕೀ (ಬ್ರೌಸರ್‌ನಲ್ಲಿ ಇಡುವ ಗುರುತಿನ ಚೀಟಿ) ಇಟ್ಟು ಅಂಟಿಸುವವರೂ ಇದ್ದಾರೆ. ಪೇಜ್ ಒಂದು ಡೊಮೇನ್, ವಿಡಿಯೋ ಇನ್ನೊಂದು ಡೊಮೇನ್ ಆದರೆ ಬ್ರೌಸರ್ ಪ್ಲೇಯರ್ ಆ ಕುಕೀಯನ್ನು ತಾನಾಗಿ ಕಳಿಸುವುದಿಲ್ಲ, ಬೇರೆ ಸೆಟ್ಟಿಂಗ್ ಬೇಕು. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ ಇದು. ಹೆಂಚು ಸರಿ ಮಾಡುವುದು ಒಳ್ಳೆಯದು.

ಕೇಳಿದವರು:
ಹಾಗಾದರೆ ಹೆಂಚು ಸರಿ ಮಾಡೋದು ಹೇಗೆ?

ಉತ್ತರ:
ಮೊದಲು ಒಂದು ಲೆಕ್ಕ. ಹೋದ ವರ್ಷ ಬಿಟ್‌ರೇಟ್ (ಒಬ್ಬರಿಗೆ ಸೆಕೆಂಡಿಗೆ ಹೋಗುವ ಡೇಟಾ) ಎಷ್ಟಿತ್ತು? ಆ ಸರ್ವರ್‌ನ ಪೋರ್ಟ್ (ಅದರ ನೆಟ್ ವೇಗದ ಮಿತಿ) ಎಷ್ಟು? ಈ ಸಲದ ಬ್ಯಾಲೆನ್ಸರ್ ಯಂತ್ರದ್ದು?

ಕೇಳಿದವರು:
4 ಎಂಬಿಪಿಎಸ್. ಪೋರ್ಟ್ ಆಗಲೂ 1 ಜಿಬಿಪಿಎಸ್, ಈಗಿನ ಮೂರೂ ಯಂತ್ರಕ್ಕೂ 1 ಜಿಬಿಪಿಎಸ್.

ಉತ್ತರ:
300 ಜನ, ತಲಾ 4 ಅಂದರೆ 1200 ಎಂಬಿಪಿಎಸ್. ಪೋರ್ಟ್ 1000. ಒಡ್ಡೋಲಗಕ್ಕೆ ಜನ ಸೇರಿದಾಗ ಪೈಪ್ ತುಂಬಿತು, ಅಷ್ಟೇ. ಸಿಪಿಯು ಸೋತಿದ್ದಲ್ಲ.

ಈಗ ಬೇಜಾರಿನ ವಿಷಯ ಹೇಳ್ತೀನಿ, ಬೈಕೋಬೇಡಿ. ಈ ಸಲವೂ ಹಾಗೇ ಆಗ್ತಿತ್ತು. ಎಚ್‌ಟಿಟಿಪಿ ಬ್ಯಾಲೆನ್ಸರ್ ಬರೀ ದಾರಿ ತೋರಿಸಿ ಸುಮ್ಮನೆ ಕೂರುವುದಿಲ್ಲ, ವಿಡಿಯೋದ ಪ್ರತಿ ಬೈಟೂ ಅದರ ಹೊಟ್ಟೆಯೊಳಗಿಂದಲೇ ಹೋಗಬೇಕು. ಹಿಂದೆ ಎರಡು ಕೆರೆ ಕಟ್ಟಿದ್ದೀರಿ, ತೂಬು ಹಳೆಯ ಅಳತೆಯದೇ ಒಂದು. ಎರಡು ಸರ್ವರ್ ತಗೊಂಡಿದ್ದಕ್ಕೆ ಹೆಚ್ಚು ಸಿಕ್ಕಿದ್ದು ಈ ನೆಗೆತ ಮಾತ್ರ.

ಹಾಗಾಗಿ ನಾನಾದರೆ ಹೀಗೆ ಮಾಡ್ತೀನಿ. ಬಿಟ್‌ರೇಟ್ 2 ಎಂಬಿಪಿಎಸ್‌ಗೆ ಇಳಿಸಿ, ಆಗ 300 ಜನಕ್ಕೆ 600, ಆರಾಮ. ಮುಕ್ಕಾಲು ಜನ ಫೋನಲ್ಲಿ ನೋಡೋದು, 720ಪಿ ಸಾಕು, ಕಿರೀಟದ ಮಿಂಚು ಸ್ವಲ್ಪ ಮಸುಕಾದರೆ ಆಗಲಿ. ಎರಡನೆಯದು, ತುಣುಕು ಮಾಡುವ ಕೆಲಸ ಎ ಒಬ್ಬನದೇ ಇರಲಿ. ನಿಮ್ಮ ಬ್ಯಾಲೆನ್ಸರನ್ನೇ ಕ್ಯಾಶ್ (ಒಮ್ಮೆ ಬಂದ ಫೈಲ್ ಇಟ್ಟುಕೊಂಡು ಮತ್ತೆ ಮತ್ತೆ ಕೊಡುವುದು) ಮಾಡಿ, ಪ್ರಾಕ್ಸಿ ಕ್ಯಾಶ್ ಅಂತ ಎಂಜಿನ್‌ಎಕ್ಸ್‌ನಲ್ಲೇ ಇದೆ. ಹೊಸ ತುಣುಕು ಒಂದು ಸಲ ಎ ಇಂದ ಬಂದರೆ ಸಾಕು, ಉಳಿದ 299 ಜನಕ್ಕೆ ಕ್ಯಾಶ್ ಕೊಡುತ್ತದೆ. ಕ್ಯಾಶ್ ಲಾಕ್ ಆನ್ ಮಾಡೋದು ಮರೀಬೇಡಿ. ಇಲ್ಲದಿದ್ದರೆ ತುಣುಕು ಹುಟ್ಟಿದ ಕ್ಷಣಕ್ಕೆ ನೂರಾರು ಜನ ಒಟ್ಟಿಗೆ ಕೇಳ್ತಾರೆ, ಅಷ್ಟೂ ಕೋರಿಕೆ ಹಿಂದಕ್ಕೆ ಹೋಗುತ್ತದೆ.

ಪ್ಲೇಲಿಸ್ಟ್‌ಗೆ 1 ಸೆಕೆಂಡ್ ಕ್ಯಾಶ್, ತುಣುಕಿಗೆ 10 ನಿಮಿಷ. ಇದನ್ನು ಅದಲು ಬದಲು ಮಾಡಿ ಇಡೀ ರಾತ್ರಿ ತಲೆ ಕೆಡಿಸಿಕೊಂಡವರನ್ನು ನೋಡಿದ್ದೀನಿ (ಒಂದು ಸಲ ಆ ಮಹಾನುಭಾವ ನಾನೇ). ಪಟ್ಟಿ ಹಳೆಯದಾದರೆ ಪ್ಲೇಯರ್‌ಗೆ ಹೊಸ ತುಣುಕು ಹುಟ್ಟಿದ್ದೇ ಗೊತ್ತಾಗುವುದಿಲ್ಲ. 404ನ್ನು ಕ್ಯಾಶ್ ಮಾಡಲೇಬೇಡಿ.

ಬಿ ಸರ್ವರ್ ಸುಮ್ಮನೆ ಸಿದ್ಧವಾಗಿರಲಿ, ಓಬಿಎಸ್‌ನಿಂದ ಅದಕ್ಕೂ ಹೋಗ್ತಾ ಇರಲಿ. ಎ ಸತ್ತರೆ ಕಾನ್ಫಿಗ್‌ನಲ್ಲಿ ಒಂದು ಸಾಲು ಬದಲಿಸಿ ರೀಲೋಡ್ ಮಾಡಿ. ಆ ಒಂದು ಸಲ ಎಲ್ಲರೂ ರಿಫ್ರೆಶ್ ಮಾಡಬೇಕಾಗುತ್ತದೆ, ವಾಟ್ಸಾಪಲ್ಲಿ ಹೇಳಿದರಾಯ್ತು. ತಾನಾಗಿ ಬದಲಾಗುವ ಹಾಗೆ ಮಾಡ್ತೀನಿ ಅಂತ ಹೊರಡಬೇಡಿ, ಅದರಲ್ಲೊಂದು ಮೋಸ ಇದೆ. ಎ ಕಡೆ ಆರ್‌ಟಿಎಂಪಿ ನಿಂತು ಹೋದರೂ ಹಳೆಯ ಪ್ಲೇಲಿಸ್ಟ್ ಫೈಲ್ ಡಿಸ್ಕಲ್ಲಿ ಇರಬಹುದು, ಎಂಜಿನ್‌ಎಕ್ಸ್ ಅದನ್ನೇ 200 ಓಕೆ ಅಂತ ಕೊಡ್ತಾ ಇರುತ್ತದೆ. ಬ್ಯಾಲೆನ್ಸರ್ ಕಣ್ಣಿಗೆ ಎಲ್ಲ ಸರಿಯಿದೆ! ಫೈಲ್ ಸಿಗುತ್ತದಾ ಅಂತಲ್ಲ, ಒಳಗಿನ ಸಂಖ್ಯೆ ಏರ್ತಾ ಇದೆಯಾ ಅಂತ ನೋಡಬೇಕು. ರಾತ್ರಿಯಿಡೀ ಎಚ್ಚರ ಇರುವವರು ನಿಮ್ಮಲ್ಲಿ ಬೇಕಾದಷ್ಟು ಜನ ಇರ್ತಾರೆ, ಒಬ್ಬರನ್ನು ಕೂರಿಸಿ.

ಮಧ್ಯೆ ಇನ್ನೊಬ್ಬರು (ತೀರ್ಥಹಳ್ಳಿ):
ಯೂಟ್ಯೂಬಿಗೆ ಹಾಕಿದ್ದರೆ ಇಷ್ಟೆಲ್ಲ ತಲೆಬಿಸಿ ಇತ್ತಾ ಮಾರಾಯ್ರೆ?

ಕೇಳಿದವರು:
ನಮಗೂ ಗೊತ್ತುಂಟು. ವಿಡಿಯೋ ಹೊರಗೆ ಓಡಾಡಬಾರದು, ಮನೆಯವರಿಗೆ ಮಾತ್ರ ಅಂತ ಮೇಳದವರ ಜೊತೆ ಮಾತಾಗಿದೆ. ಅವರ ಹೊಟ್ಟೆಪಾಡು ಅದು, ಸರಿ ಅನ್ನಿಸ್ತು.

ಸಾರ್, ಇನ್ನೆರಡು ಪ್ರಶ್ನೆ. 5 ಕೊಟ್ಟರೆ 8.333 ಯಾಕೆ ಬಂತು? ಮತ್ತೆ ಹೋದ ವರ್ಷ ಬೆಂಗಳೂರಿನ ಅತ್ತೆ ಫೋನ್ ಮಾಡಿದಾಗ ಫೋನಲ್ಲಿ ಚಂಡೆ ಕೇಳಿ ಎಷ್ಟೋ ಹೊತ್ತಿನ ಮೇಲೆ ಅವರ ಟಿವಿಯಲ್ಲಿ ಬರ್ತಿತ್ತಂತೆ. ಅದು ಕಡಿಮೆ ಮಾಡೋಕೆ ಆಗುತ್ತದಾ?

ಉತ್ತರ:
ಎರಡಕ್ಕೂ ಬೇರು ಒಂದೇ. ತುಣುಕನ್ನು ಎಲ್ಲಿ ಬೇಕೋ ಅಲ್ಲಿ ಕತ್ತರಿಸೋಕೆ ಬರುವುದಿಲ್ಲ, ಕೀಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಇದ್ದಲ್ಲೇ ಕತ್ತರಿಸಬೇಕು. ಓಬಿಎಸ್‌ನಲ್ಲಿ ಕೀಫ್ರೇಮ್ ಇಂಟರ್ವಲ್ ಆಟೋ ಅಂತ ಬಿಟ್ಟಿದ್ದೀರಿ, ಅಲ್ವಾ? ಆಗ ಎಕ್ಸ್264 ಎನ್‌ಕೋಡರ್ 250 ಫ್ರೇಮಿನವರೆಗೂ ಕೀಫ್ರೇಮ್ ಇಲ್ಲದೆ ಹೋಗಬಹುದು. ಸೆಕೆಂಡಿಗೆ 30 ಫ್ರೇಮ್. 250ನ್ನು 30ರಿಂದ ಭಾಗಿಸಿ, 8.333. ಅದಕ್ಕೇ ನಾನು ಮೊದಲೇ ಉದ್ದ ಕೇಳಿದ್ದು.

ಪ್ಲೇಯರ್ ಸಾಮಾನ್ಯವಾಗಿ ಕೊನೆಯಿಂದ ಮೂರು ತುಣುಕು ಹಿಂದೆ ನಿಂತು ಶುರು ಮಾಡುತ್ತದೆ. ಮೂರು ಎಂಟಲಿ ಇಪ್ಪತ್ನಾಲ್ಕು, ಮೇಲೆ ಎನ್‌ಕೋಡ್ ಮಾಡಿ ಕಳಿಸುವ ಸಮಯ. ಅತ್ತೆಗೆ ಅರ್ಧ ನಿಮಿಷ ತಡ ಆಗೇ ಆಗುತ್ತದೆ. ಕೀಫ್ರೇಮ್ 2 ಸೆಕೆಂಡ್ ಅಂತ ಕೊಡಿ, ತುಣುಕು 4 ಸೆಕೆಂಡ್ ಇಡಿ. ಆಗ 12, ಹೆಚ್ಚೆಂದರೆ 15ರ ಆಸುಪಾಸು. ಅದಕ್ಕಿಂತ ಕೆಳಗೆ ಇಳಿಸೋಕೆ ಲೋ ಲೇಟೆನ್ಸಿ ಎಚ್‌ಎಲ್‌ಎಸ್ ಅಂತ 2019ರಲ್ಲಿ ಬಂದಿದೆ, ನಿಮಗೆ ಬೇಡ. ಟಿವಿ ಮ್ಯೂಟ್ ಮಾಡಿ ಫೋನ್ ಮಾಡೋಕೆ ಹೇಳಿ ಅತ್ತೆಗೆ.

ಕೇಳಿದವರು (ಮರುದಿನ):
ನೀವು ಹೇಳಿದ ಹಾಗೇ ಮಾಡಿದೆ. ಎರಡು ಗಂಟೆ ಓಡಿಸಿದೆ, ಒಂದು ಸಲವೂ ಹಿಂದೆ ಹೋಗಲಿಲ್ಲ. ಎ ಸರ್ವರ್‌ನ ಲಾಗ್ ನೋಡಿದರೆ ಒಂದು ತುಣುಕಿಗೆ ಒಂದೇ ಸಾಲು. ಖುಷಿ ಆಯ್ತು.

ಆದರೆ ಒಂದು ವಿಚಿತ್ರ. ಎಲ್ಲ ಸ್ವಚ್ಛ ಮಾಡೋಣ ಅಂತ ಎಚ್‌ಎಲ್‌ಎಸ್ ಫೋಲ್ಡರ್ ಖಾಲಿ ಮಾಡಿ ಎರಡು ಗಂಟೆಯ ಆ ಟೆಸ್ಟ್ ಶುರು ಮಾಡಿದ್ದೆ. ಅದಕ್ಕೆ ಐದು ನಿಮಿಷ ಮೊದಲು ಬೆಳಕು ನೋಡೋಕೆ ಭಾವನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಒಂದು ಚಿಕ್ಕ ಟೆಸ್ಟ್ ಮಾಡಿದ್ದೆ. ಈಗ ಆಟದ ರೆಕಾರ್ಡಿಂಗ್ ಓಡಬೇಕಾದ ಕಡೆ ಮೊದಲ ಕೆಲವು ಸೆಕೆಂಡ್ ಭಾವ ಪಂಚೆ ಎತ್ತಿ ಕಟ್ಟಿಕೊಂಡು ಅಡಿಕೆ ಜಗೀತಾ ನಿಂತಿದ್ದು ಬಂತು! ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು.

ಉತ್ತರ:
ಹಹ್ಹಾ. ಅದು ಕ್ಯಾಶ್‌ನ ಕೆಲಸ. ಫೋಲ್ಡರ್ ಖಾಲಿ ಮಾಡಿದ್ದರಿಂದ ನಂಬರ್ ಮತ್ತೆ ಸೊನ್ನೆಯಿಂದ ಶುರುವಾಯ್ತು. ಮುಂದಿರುವ ಕ್ಯಾಶ್ ಯಂತ್ರದಲ್ಲಿ ಅದೇ ಹೆಸರಿನ ಭಾವನ ತುಣುಕುಗಳು 10 ನಿಮಿಷದ ಲೆಕ್ಕದಲ್ಲಿ ಇನ್ನೂ ಕೂತಿದ್ದವು. ಹೆಸರು ಒಂದೇ, ಹಾಗಾಗಿ ಅದನ್ನೇ ಕೊಟ್ಟಿತು. ಆರ್‌ಟಿಎಂಪಿ ಮಾಡ್ಯೂಲ್‌ನಲ್ಲಿ ತುಣುಕಿಗೆ ಹೆಸರಿಡುವ ರೀತಿ ಬದಲಿಸಬಹುದು, ಸಿಸ್ಟಮ್ ಅಂತ ಕೊಟ್ಟರೆ ಗಡಿಯಾರದ ಸಮಯವೇ ಹೆಸರಾಗುತ್ತದೆ, ಯಾವತ್ತೂ ಎರಡು ಸಲ ಬರುವುದಿಲ್ಲ. ಅಥವಾ ಆಟದ ದಿನ ಸ್ಟ್ರೀಮ್ ಹೆಸರನ್ನೇ ಬೇರೆ ಇಡಿ, ಅದು ಇನ್ನೂ ಸುಲಭ.

ಇನ್ನೊಂದು. ರೂಟರ್ ಮತ್ತು ಫೈಬರ್ ಡಬ್ಬಿ ಎರಡನ್ನೂ ಇನ್ವರ್ಟರ್‌ಗೆ ಹಾಕಿ, ಬರೀ ಲ್ಯಾಪ್‌ಟಾಪ್ ಅಲ್ಲ. ಕರೆಂಟ್ ಹೋದಾಗ ಮೇಳದವರ ಜನರೇಟರ್ ಲೈಟು ಮತ್ತು ಮೈಕು ನೋಡಿಕೊಳ್ಳುತ್ತದೆ, ಒಳಗೆ ಗೋಡೆಯ ಮೇಲಿನ ಆ ಚಿಕ್ಕ ಡಬ್ಬಿ ಯಾರಿಗೂ ನೆನಪಾಗುವುದಿಲ್ಲ.

ಕೇಳಿದವರು:
ಅಯ್ಯೋ, ಅದು ಇನ್ವರ್ಟರ್ ಲೈನಲ್ಲಿ ಇಲ್ಲವೇ ಇಲ್ಲ. ಇವತ್ತೇ ವೈರ್ ಎಳೆಸ್ತೀನಿ. ಸಾಗರದಿಂದ ಎಷ್ಟು ದೂರ ಸಾರ್, ಆಟದ ದಿನ ಊಟಕ್ಕೆ ಬನ್ನಿ.

ಉತ್ತರ:
ಬರ್ತೀನಿ. ಲ್ಯಾಪ್‌ಟಾಪ್ ಹತ್ತಿರ ಮಾತ್ರ ಕೂರಿಸಬೇಡಿ, ಅಲ್ಲಿ ಭಾವನೇ ಇರಲಿ.