ಸಹಾಯ ಬೇಕು: ತಂದೆಯವರ ಕೈಯ ನರಹುಲಿ ಮತ್ತು ಚರ್ಮದ ಕ್ಯಾನ್ಸರ್

ನಮಸ್ಕಾರ. ಕಾರವಾರದಲ್ಲಿ ಮೂವತ್ತು ವರ್ಷ ದೋಣಿಯ ಮೇಲೆ ಬಿಸಿಲುಂಡ ನನ್ನ ತಂದೆಯವರಿಗೆ 9 ವರ್ಷಗಳ ಹಿಂದೆ ಮೂತ್ರಪಿಂಡ ಕಸಿಯಾಗಿದ್ದು, ಅಂದಿನಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನಿತ್ಯ ಸೇವಿಸುತ್ತಿದ್ದಾರೆ. ಬಲಗೈ ಬೆರಳ ಗೆಣ್ಣಿನ ಬಳಿಯಿದ್ದ ನರಹುಲಿಗಳಲ್ಲಿ ಒಂದು ಗಟ್ಟಿಯಾಗಿ, ಬಲೆ ಹೆಣೆಯುವಾಗ ದಾರ ತಾಗಿದರೂ ರಕ್ತ ಒಸರತೊಡಗಿದ್ದರಿಂದ ಬಯಾಪ್ಸಿ ಮಾಡಿಸಿದೆವು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂದು ವರದಿ ಬಂದಿದೆ.

ನರಹುಲಿಗೆ ಕಾರಣವಾಗುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ (ಎಚ್‌ಪಿವಿ) ಬೀಟಾ ಗುಂಪಿನ 5, 8ರಂಥ ತಳಿಗಳು, ಬಿಸಿಲಿಗೆ ಹಾನಿಗೊಂಡ ಜೀವಕೋಶಗಳು ದುರಸ್ತಿಯೂ ಆಗದೆ ಸಾಯದೆಯೂ ಉಳಿಯುವಂತೆ ಮಾಡಬಲ್ಲವೆಂದು ವೈದ್ಯರು ವಿವರಿಸಿದರು. ಆದರೆ ಗರ್ಭಕಂಠದ ಕ್ಯಾನ್ಸರಿನಲ್ಲಿರುವಷ್ಟು ಖಚಿತ ಸಂಬಂಧ ಇಲ್ಲಿ ಸಾಬೀತಾಗಿಲ್ಲವಂತೆ. ನೆಂಟರೆಲ್ಲ ಹಾಕಿಸಿ ಎನ್ನುತ್ತಿರುವ ಎಚ್‌ಪಿವಿ ಲಸಿಕೆಯಲ್ಲಿ ಈ ತಳಿಗಳೇ ಇಲ್ಲ.

ಕಸಿಯಾದವರ ಚರ್ಮರೋಗದಲ್ಲಿ ಅನುಭವವುಳ್ಳ ತಜ್ಞರು ಮಣಿಪಾಲ, ಹುಬ್ಬಳ್ಳಿ ಅಥವಾ ಗೋವೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಇಂಥ ಸಂದರ್ಭದಲ್ಲಿ ರೋಗನಿರೋಧಕ ಶಕ್ತಿ ತಗ್ಗಿಸುವ ಇನ್ನೊಂದು ಔಷಧಿಯಾದ ಸಿರೊಲಿಮಸ್ ಮಾತ್ರೆಗೆ ಬದಲಾದವರು ತಮ್ಮ ಅನುಭವ ಬರೆದರೆ ಉಪಕಾರವಾಗುತ್ತದೆ.