ವಾಲ್ವ್‌ನ ‘ಬ್ಲೋಡೌನ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ವಾರಂಟಿಯ ಒಂದು ತೊಡಕು

ಗೆಳೆಯರೇ, ನಮಸ್ಕಾರ.

ಕಾರ್ಖಾನೆಯ ಬಾಯ್ಲರ್‌ಗಳ ಮೇಲೆ ಕೂರಿಸುವ ಸೇಫ್ಟಿ ವಾಲ್ವ್‌ನ ಕೈಪಿಡಿ ಮತ್ತು ವಾರಂಟಿ ಷರತ್ತುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಫಿಟ್ಟರ್‌ಗಳು. ಹಾಗಾಗಿ ವಾಲ್ವ್, ಸ್ಪ್ರಿಂಗ್, ಡಿಸ್ಕ್ (ಹಬೆಯ ದಾರಿ ಮುಚ್ಚುವ ಬಿಲ್ಲೆ), ಸೀಟ್ (ಆ ಡಿಸ್ಕ್ ಕೂರುವ ಜಾಗ) ಎಲ್ಲವನ್ನೂ ಇದ್ದ ಹಾಗೇ ಬಿಟ್ಟಿದ್ದೇನೆ. ‘ಸುರಕ್ಷತಾ ಕವಾಟ’ ಅಂತ ಬರೆದರೆ ಅವರಿಗೆ ಹೃದಯದ ಆಪರೇಷನ್ ನೆನಪಾದೀತು.

ನಾನು ಸಿಕ್ಕಿಬಿದ್ದಿರುವುದು ‘ಬ್ಲೋಡೌನ್’ನಲ್ಲಿ. ವಾಲ್ವ್ 10 ಬಾರ್ (ಒತ್ತಡದ ಅಳತೆ) ಒತ್ತಡಕ್ಕೆ ಸೆಟ್ ಆಗಿದೆ ಅಂದುಕೊಳ್ಳಿ. ಒತ್ತಡ ಅಲ್ಲಿಗೆ ಮುಟ್ಟಿದಾಗ ಫಟ್ಟನೆ ತೆರೆದು ಹಬೆ ಬಿಡುತ್ತದೆ. ಒತ್ತಡ ಮತ್ತೆ 10ಕ್ಕೆ ಇಳಿದ ಕೂಡಲೇ ಮುಚ್ಚಿಕೊಳ್ಳುತ್ತದೆಯೇ? ಇಲ್ಲ. ತೆರೆದ ಮೇಲೆ ಹಬೆ ಡಿಸ್ಕ್‌ನ ಇನ್ನಷ್ಟು ಅಗಲಕ್ಕೆ ತಾಗಿ ಅದನ್ನು ಎತ್ತಿ ಹಿಡಿದಿರುತ್ತದೆ. ಡಿಸ್ಕನ್ನು ಸೀಟ್‌ಗೆ ಒತ್ತುವ ಸ್ಪ್ರಿಂಗ್ ಗೆಲ್ಲಬೇಕಾದರೆ ಒತ್ತಡ ಇನ್ನೂ ಇಳಿಯಬೇಕು, 9.3ಕ್ಕೆ ಅಂತಿಟ್ಟುಕೊಳ್ಳಿ. ಈ 0.7 ಬಾರ್ ವ್ಯತ್ಯಾಸಕ್ಕೆ, ಅಂದರೆ 7%ಗೆ, ಬ್ಲೋಡೌನ್ ಅನ್ನುತ್ತಾರೆ.

ಆದರೆ ಬಾಯ್ಲರ್ ನೋಡಿಕೊಳ್ಳುವವರಿಗೆ ಬ್ಲೋಡೌನ್ ಅಂದರೆ ತಳದಲ್ಲಿ ಸೇರಿದ ಕೆಸರು ನೀರನ್ನು ಹೊರಗೆ ಬಿಡುವುದು! ‘ಬ್ಲೋಡೌನ್ ಜಾಸ್ತಿ ಇದೆ, ಕಡಿಮೆ ಮಾಡಿ’ ಅಂತ ಬರೆದರೆ ಒಬ್ಬರು ಈ ವ್ಯತ್ಯಾಸ ಹೊಂದಿಸುವ ವಾಲ್ವ್‌ನ ರಿಂಗ್ ತಿರುಗಿಸುತ್ತಾರೆ, ಇನ್ನೊಬ್ಬರು ತಳದ ನಲ್ಲಿಯ ಹತ್ತಿರ ಹೋಗುತ್ತಾರೆ. ‘ಮುಚ್ಚುವ ಅಂತರ’ ಅಂತ ಬರೆದು ನೋಡಿದೆ. ಅದು ಡಿಸ್ಕ್‌ಗೂ ಸೀಟ್‌ಗೂ ನಡುವಿನ ಸಂದಿಯ ಹಾಗೆ ಕೇಳಿಸುತ್ತದೆ. ಈಗ ‘ಇಳಿಒತ್ತಡ’ ಅನ್ನುವ ಪದ ತಲೆಯಲ್ಲಿದೆ, ಪೂರ್ತಿ ಒಪ್ಪಿಗೆಯಿಲ್ಲ.

‘ಚಾಟರ್’ ಸುಲಭವಾಯಿತು. ಹಿಂದಿನ ಕರಡಿನಲ್ಲಿ ಯಾರೋ ‘ವಾಲ್ವ್‌ನ ಹರಟೆ’ ಅಂತ ಮಾಡಿದ್ದರು! ಡಿಸ್ಕ್ ಸೀಟ್‌ನ ಮೇಲೆ ಪಟಪಟ ಬಡಿದುಕೊಳ್ಳುವುದು ಅದು. ‘ಬಡಿತ’ ಸಾಕು. ತೆರೆಯುವ ಮುಂಚೆ ಸುಯ್ ಅಂತ ಸ್ವಲ್ಪ ಹಬೆ ಸೋರುವುದಕ್ಕೆ ‘ಸುಯ್ಲು’ ಚೆನ್ನಾಗಿದೆ, ಅಲ್ವಾ?

ಇನ್ನು ವಾರಂಟಿ. ‘ಖಾತರಿ’ ಅಂತ ಬರೆಯಲು ಹೋದೆ, ಆದರೆ ಅದು ಗ್ಯಾರಂಟಿಗೇ ಹತ್ತಿರ. ‘ಅವನು ಬರೋದು ಗ್ಯಾರಂಟಿ’ ಅನ್ನುತ್ತೇವೆ, ‘ಬರೋದು ವಾರಂಟಿ’ ಅಂತ ಯಾರೂ ಅನ್ನಲ್ಲ. ವಾರಂಟಿ ನಮ್ಮಲ್ಲಿ ಷರತ್ತು, ತಾರೀಕು ಇರುವ ಕಾಗದವಾಗಿಯೇ ಉಳಿದಿದೆ. ಹಾಗೇ ಇರಲಿ.

ನಿಜವಾದ ತೊಡಕು ಈ ಸಾಲಿನಲ್ಲಿದೆ: ‘ಚಾಲನೆಯಿಂದ 12 ತಿಂಗಳು ಅಥವಾ ರವಾನೆಯಿಂದ 18 ತಿಂಗಳು, ಯಾವುದು ಮೊದಲೋ ಅದು’. ಇಂಥ ಸರಕಿನ ಕಾಗದಗಳಲ್ಲಿ ಇದು ಮಾಮೂಲಿ ಸಾಲು. ಒಬ್ಬರಿಗೆ ಓದಲು ಕೊಟ್ಟೆ. ‘ರವಾನೆಯೇ ಮೊದಲಲ್ವಾ, ಹಾಗಾದರೆ ಯಾವಾಗಲೂ 18 ತಿಂಗಳು’ ಅಂದರು. ತಪ್ಪು ಅವರದ್ದಲ್ಲ, ನನ್ನ ವಾಕ್ಯದ್ದು. ವಾಲ್ವ್ 10 ತಿಂಗಳು ಗೋದಾಮಿನಲ್ಲಿ ಬಿದ್ದಿದ್ದು ಆಮೇಲೆ ಚಾಲೂ ಆದರೆ ಕೈಗೆ ಸಿಗುವುದು 8 ತಿಂಗಳ ವಾರಂಟಿ ಮಾತ್ರ. ಹಾಗಾಗಿ ‘ಯಾವ ಅವಧಿ ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ’ ಅಂತ ತಿದ್ದಿದ್ದೇನೆ.

ಕೊನೆಯದು ‘ಸೀಲ್’. ಸೆಟ್ಟಿಂಗ್ ಯಾರೂ ಮುಟ್ಟದಿರಲಿ ಅಂತ ತಂತಿ ಸುತ್ತಿ ಸೀಸ ಒತ್ತಿರುತ್ತಾರಲ್ಲ, ಅದನ್ನು ಬಿಚ್ಚಿದರೆ ವಾರಂಟಿ ಹೋಯ್ತು. ಆದರೆ ಸೋರದಂತೆ ತಡೆಯುವ ಭಾಗಕ್ಕೂ ಸೀಲ್ ಅಂತಲೇ ಹೆಸರು. ‘ಸೀಲ್ ಹಾಳಾದರೆ ವಾರಂಟಿ ಇಲ್ಲ’ ಅಂದರೆ ಯಾವ ಸೀಲು? ಮೊದಲನೆಯದಕ್ಕೆ ‘ಸೀಸದ ಮುದ್ರೆ’ ಅಂತ ಹಾಕಿದ್ದೇನೆ.

ಬ್ಲೋಡೌನ್‌ಗೆ ನಿಮ್ಮ ಕಡೆ ಫಿಟ್ಟರ್‌ಗಳು ಬಾಯಲ್ಲಿ ಏನನ್ನುತ್ತಾರೆ? ಸುಮ್ನೆ ಕಟ್ಟಿದ ಪದ ಬೇಡ, ಕೇಳಿದ್ದಿದ್ದರೆ ತಿಳಿಸಿ.