ಪ್ರಾಣಿ ಕಲ್ಯಾಣವೇ, ಪ್ರಾಣಿ ಹಕ್ಕೇ: ಯಾವ ಸಂಘಟನೆಗೆ ಸೇರಲಿ?

ಕೋರಿಕೆ (ರಾಜಾಜಿನಗರ): ಭಾನುವಾರಗಳಂದು ಪ್ರಾಣಿಗಳಿಗಾಗಿ ದುಡಿಯಬೇಕೆಂಬ ಆಸೆಯಿದೆ. ಒಂದು ಸಂಘಟನೆಯವರು ತಮ್ಮದು ಪ್ರಾಣಿ ಕಲ್ಯಾಣವೆಂದರು, ಇನ್ನೊಂದರವರು ಪ್ರಾಣಿ ಹಕ್ಕು ಎಂದರು. ಅನುಭವವಿದ್ದವರು ವ್ಯತ್ಯಾಸ ತಿಳಿಸಿಕೊಡಿ.

ಉತ್ತರ (ಜಯನಗರ): ನಮಸ್ಕಾರ. ನಾನು ಎರಡೂ ಕಡೆ ಕೆಲಸ ಮಾಡಿದ್ದೇನೆ. ಈ ವ್ಯತ್ಯಾಸ ನನಗೆ ಮನವರಿಕೆಯಾದದ್ದು ಅಡುಗೆಯ ಪಾತ್ರೆಯ ಮುಂದೆ. ನಮ್ಮ ಬೀದಿಯ ನಾಯಿಗಳಿಗಾಗಿ ಕೋಳಿಯ ತಲೆ, ಕಾಲುಗಳನ್ನು ಅಂಗಡಿಯಿಂದ ತಂದು, ಅರಿಶಿನ ಹಾಕಿ, ಅಕ್ಕಿಯೊಂದಿಗೆ ಬೇಯಿಸುತ್ತಿದ್ದೆವು. ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಒಂದು ಸಂಜೆ ಪಾತ್ರೆಯೊಳಗೆ ನೋಡಿ, "ಅಕ್ಕಾ, ಈ ಕೋಳಿಗಳ ಪರವಾಗಿ ಯಾರಿದ್ದಾರೆ?" ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಮನುಷ್ಯನು ಪ್ರಾಣಿಯನ್ನು ಹಾಲಿಗೋ ಮಾಂಸಕ್ಕೋ ದುಡಿಮೆಗೋ ಬಳಸುವುದನ್ನು ಕಲ್ಯಾಣದವರು ಸದ್ಯಕ್ಕೆ ಒಪ್ಪಿಕೊಂಡು, ಆ ಬಳಕೆಯೊಳಗಿನ ನೋವನ್ನು ತಗ್ಗಿಸಲು ದುಡಿಯುತ್ತಾರೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಂತಿರುವುದೂ ಈ ನೆಲೆಯ ಮೇಲೆಯೇ. ಅದು ತಡೆಯಹೊರಟಿರುವುದು 'ಅನಗತ್ಯ' ನೋವನ್ನು. ಹಕ್ಕಿನವರು ಆ ಪದವನ್ನೇ ಹಿಡಿದು, ಯಾರಿಗೆ ಅನಗತ್ಯ ಎಂದು ಕೇಳುತ್ತಾರೆ. ತನ್ನ ಬದುಕನ್ನು ತಾನೇ ಅನುಭವಿಸುವ ಜೀವಿಯನ್ನು ಇನ್ನೊಬ್ಬರ ಸಾಧನವಾಗಿಸಬಾರದೆಂದು ಅಮೆರಿಕದ ತತ್ವಜ್ಞಾನಿ ಟಾಮ್ ರೇಗನ್ 1983ರಲ್ಲಿ ವಾದಿಸಿದ್ದು ಇದನ್ನೇ.

2023ರ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಈ ಭೇದ ಎದ್ದು ಕಂಡಿತು. ನನ್ನ ಹಳೆಯ ಗುಂಪಿನವರು ಕರಾವಳಿಯಿಂದ ಲಾರಿಯಲ್ಲಿ ಬರುವ ಕೋಣಗಳಿಗೆ ನೀರು, ನೆರಳು, ವಿಶ್ರಾಂತಿ ಸಿಗುತ್ತದೆಯೇ, ಬೆತ್ತದ ಪೆಟ್ಟು ಬೀಳುತ್ತದೆಯೇ ಎಂದು ಚಿಂತಿಸಿದರೆ, ಹೊಸ ಗುಂಪಿನವರು ಕೋಣವನ್ನು ಓಡಿಸುವುದೇ ತಪ್ಪೆಂದರು. ಆದರೂ ಇವರು ಸದಾ ಎದುರಾಳಿಗಳೆಂದು ಭಾವಿಸಬೇಡಿ. ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ಪ್ರಕರಣದಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯೂ ಪ್ರಾಣಿ ಹಕ್ಕಿನ ಪರವಾದ ಪೇಟಾ ಸಂಸ್ಥೆಯೂ ಒಂದೇ ಪಕ್ಷದಲ್ಲಿದ್ದವು.

ಹಕ್ಕಿನವರ ವಾದವೇ ಸರಿಯೆಂದು ಇಂದು ನನಗೆ ಅನ್ನಿಸುತ್ತದೆ. ಆದರೆ ಕಾಲು ಮುರಿದುಕೊಂಡ ನಾಯಿ ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಬಿದ್ದಾಗ ನಾನು ಕರೆ ಮಾಡುವುದು ಕಲ್ಯಾಣದವರಿಗೇ.

ಇನ್ನೊಂದು ಉತ್ತರ (ಯಲಹಂಕ): ಹೆಸರಿಗಿಂತ ಕೆಲಸವನ್ನು ವಿಚಾರಿಸಿ. ಕಲ್ಯಾಣದ ಗುಂಪಿನಲ್ಲಿ ನಾನು ನಾಯಿಗಳನ್ನು ಸಂತಾನಹರಣ ಚಿಕಿತ್ಸೆಗೆ ಒಯ್ದು, ಗುರುತಿಗಾಗಿ ಕಿವಿಯ ತುದಿ ಕತ್ತರಿಸಿದ ಮೇಲೆ ಅದೇ ಬೀದಿಗೆ ಮರಳಿ ಬಿಟ್ಟು ಬರುತ್ತಿದ್ದೆ. ಹಕ್ಕಿನ ಗುಂಪಿನಲ್ಲಿ ಕರಪತ್ರ ಹಂಚಿ, ಕಾಲೇಜುಗಳಲ್ಲಿ ಮಾತನಾಡಿದೆ. ಗುಣವಾಗದ ಪ್ರಾಣಿಗೆ ದಯಾಮರಣ ಕೊಡುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿ, ಏಕೆಂದರೆ ಬಹಳ ಜನ ಮನನೊಂದು ಗುಂಪು ಬಿಡುವುದು ಅಲ್ಲಿಯೇ. ನಾಯಿಗಳೊಂದಿಗಿನ ಕೆಲಸವನ್ನು ಆರಿಸಿಕೊಂಡರೆ, ಕಚ್ಚಿಸಿಕೊಳ್ಳುವ ತನಕ ಕಾಯದೆ ರೇಬಿಸ್ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಳ್ಳಿ.